ಆರು ತರಿಸುವ ಮೊದಲು

ಮೊದಲು ತೂಕ. ತಮ್ಮನ ಅಂಗಡಿಯ ಚಿನ್ನದ ತಕ್ಕಡಿಯಲ್ಲಿಟ್ಟೆ:
ಬ್ಯಾಟರಿ ಸೇರಿ ನೂರ ಮೂವತ್ತೆಂಟು ಗ್ರಾಂ, ಮೇಲೆ ನಾಲ್ಕು ಗುಂಜಿ.
'ವೇಸ್ಟೇಜ್ ಹಿಡಿಯಲೇನೇ ಅಕ್ಕ?' ಎಂದು ನಕ್ಕ.
ಮುಷ್ಟಿ ಮುಚ್ಚಿದರೆ ಮುಚ್ಚಿಹೋಗುವ ಸೆಟ್ಟು;
ನನ್ನ ಹಳೆಯದರ ಪಕ್ಕ ಇದು
ಇಟ್ಟಿಗೆಯ ಪಕ್ಕ ಬೆಂಕಿಪೊಟ್ಟಣ.

ಖಜಾಂಚಿ ಹುಲಸ್ವಾರರೇ, ನೀವು ಕೇಳಿದ್ದು ಒಂದೇ ಮಾತು:
ಮಳೆಗಾಲದೊಳಗೆ ಆರು ತರಿಸೋಣವೇ, ಬೇಡವೇ.
ವಾರವೆಲ್ಲ ಸೆರಗಿಗೆ ಸಿಕ್ಕಿಸಿಕೊಂಡು ತಿರುಗಿದವಳ ಉತ್ತರ
ಒಂದೇ ಮಾತಿನದಲ್ಲ. ಕೂತು ಓದಿ.

ಪರದೆ ಉಗುರಿನಷ್ಟು. ಕೋಡಿಬಾಗದ ಮಧ್ಯಾಹ್ನದ ಬಿಸಿಲಿಗೆ
ಅದರಲ್ಲಿ ಕಂಡದ್ದು ನನ್ನ ಕನ್ನಡಕ ಮಾತ್ರ.
ಮೆನುವಿನೊಳಗೆ ಮೆನು, ಅದರೊಳಗೊಂದು ಮೆನು.
ಚಾನೆಲ್ ತುಂಬಲು ಕಂಪ್ಯೂಟರ್ ಬೇಕು, ಕೇಬಲ್ ಬೇಕು,
ಪಕ್ಕದ ಮನೆಯ ಪಾಲಿಟೆಕ್ನಿಕ್ ಹುಡುಗಿ ಬೇಕು.
ಪರೀಕ್ಷೆ ಬರೆದು ಪಡೆದ ನನ್ನ ಕರೆಹೆಸರು ಇದಕ್ಕೆ ಸಾಲದು,
ಏಳಂಕಿಯ ನಂಬರೊಂದು ಕೊಟ್ಟ ಮೇಲೇ ನನ್ನನ್ನು ಗುರುತಿಸಿತು.
ಮೀನುಪೇಟೆಯಲ್ಲಿ ಒದ್ದೆಗೈಲಿ ನೋಡಿದೆ: ವಾಲ್ಯೂಮಿನ ತಿರುಪು ಜಾರುತ್ತದೆ.
ಬ್ಯಾಟರಿ? ಒಳ್ಳೆಯದು. ಬೆಳಗಿನ ಚಹಾದಿಂದ ರಾತ್ರಿಯ ಗಂಜಿವರೆಗೆ.

ಇನ್ನು ದನಿ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕೂತವಳು ನಾನು;
ಟ್ರಂಕ್ ಕಾಲಿನ ಗೊರಗೊರ ಕೇಳಿಯೇ ಹೇಳುತ್ತಿದ್ದೆ,
ಇದು ಜೋಯಿಡಾದ ತಂತಿ, ಇದು ಅಂಕೋಲೆಯದು,
ಕುಮಟೆಯಲ್ಲಿ ಈಗಷ್ಟೇ ಮಳೆ ಬಂತು, ಎಂದು.

ಮಾಜಾಳಿಯ ಇನಾಸ, ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವನು,
ಜೋಡಿಯ ಇನ್ನೊಂದು ಸೆಟ್ಟು ಹಿಡಿದು ದಂಡೆಯಲ್ಲಿ ನಿಂತ.
ನಾನು ಸದಾಶಿವಗಡದ ಮೇಲೆ.
'ಇನಾಸ, ಎಲ್ಲಿದ್ದೀ?'
'ನೀರಲ್ಲೇ ಕಾಲು, ಪ್ರಫುಲ್ಲಾಬಾಯಿ.'
'ಅಲೆ ಕೇಳ್ತಿಲ್ಲವಲ್ಲೋ.'
'ನನಗೆ ಕೇಳ್ತದೆ. ನಿನ್ನ ಡಬ್ಬಿಗೆ ಬೇಡವಂತೆ.'
ತೊಳೆದ ಸ್ಟೀಲ್ ಲೋಟದಂಥ ದನಿ. ಅವನದೇ, ಆದರೆ
ಬೀಡಿ ಸೇದಿದ ಎದೆಯ ಸಿಳ್ಳೆಯೂ ಹೋಗಿದೆ, ಕಡಲೂ ಹೋಗಿದೆ;
ಯಾರೋ ಅವನನ್ನು ಕತ್ತರಿಸಿ ಬಿಳಿ ಕಾಗದಕ್ಕೆ ಅಂಟಿಸಿದ ಹಾಗೆ.

ಮರುದಿನ ಗಡದ ಮೇಲೆ ಅವನು, ಕದ್ರಾ ಬಸ್ಸಿನಲ್ಲಿ ನಾನು,
ಹೊಳೆಯ ಗುಂಟ ಒಳಕ್ಕೆ.
ಕಡವಾಡ: ಸ್ಪಷ್ಟ. ಕಿನ್ನರ: ಸ್ಪಷ್ಟ. ಸಿದ್ದರದ ತಿರುವು: ಸ್ಪಷ್ಟ,
ಆಮೇಲೆ ಒಂದು ಸಲ ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದಂತೆ,
ಆಮೇಲೆ ಏನೂ ಇಲ್ಲ.
ಹಳೆಯ ಸೆಟ್ಟು ಹೀಗೆ ಮಾಡುತ್ತಿರಲಿಲ್ಲ.
ಗುಡ್ಡ ಅಡ್ಡ ಬಂದಂತೆಲ್ಲ ಸುಯ್ಯೆನ್ನುತ್ತ, ಮಾತಿಗೆ ಮರಳು ಬೆರೆಸುತ್ತ,
ಇನ್ನೆರಡು ತಿರುವು ಅಷ್ಟೇ ಎಂದು ಮೊದಲೇ ಹೇಳುತ್ತಿತ್ತು.
ಇದು ಹೊಸ್ತಿಲವರೆಗೂ ನಗುತ್ತ ಬಂದು
ಹೋಗಿ ಬಾ ಎನ್ನದೆ ಕದ ಹಾಕಿಕೊಳ್ಳುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ವರದಿ ಸುಲಭವಿತ್ತು: ಬೇಡ.
ಆದರೆ ಅಣೆಕಟ್ಟಿನ ಬಾಗಿಲು ತೆರೆದ ಆ ರಾತ್ರಿ
ಹಳೆಯ ಸೆಟ್ಟೇ ನನ್ನ ಕೈಲಿತ್ತು, ಹುಲಸ್ವಾರರೇ.
ಮಾಡಿನ ಮೇಲೆ 'ಆರು ಜನ' ಎಂದಿತ್ತು ಆಚೆಯ ದನಿ;
ಸುಯ್ಯಿನೊಳಗಿಂದ ನಾನು ಹೆಕ್ಕಿದ್ದು 'ಮೂರು'.
ಮೂವರಿಗೆಂದು ಸಣ್ಣ ಪಾತಿ ಹೋಯಿತು.
ಎರಡನೆಯ ಸಲವೂ ಹೋಗಿಬಂತು, ಎಲ್ಲರೂ ಬದುಕಿದರು, ಹೌದು.
ನಡುವಿನ ಐವತ್ತು ನಿಮಿಷ ನನ್ನ ಕಿವಿಯದು,
ಮೂವತ್ತೊಂದು ವರ್ಷ ಪಳಗಿದ ಕಿವಿಯದು.
ಇದರಲ್ಲಿ ಆರು ಆರಾಗಿಯೇ ಬರುತ್ತದೆ, ಇಲ್ಲವೇ ಬರುವುದಿಲ್ಲ.
ಬರದಿದ್ದರೆ ಮತ್ತೆ ಕೇಳಬೇಕೆಂದಾದರೂ ತಿಳಿಯುತ್ತದೆ.

ಹಾಗಾಗಿ: ನಾಲ್ಕು ತರಿಸಿ. ಆರು ಬೇಡ.
ಉಳಿದ ದುಡ್ಡಿಗೆ ಉದ್ದನೆಯ ಆಂಟೆನಾ; ಜೊತೆಗೆ ಬಂದದ್ದು ಬರೀ ಹಲ್ಲಿಬಾಲ.
ಪಕ್ಕದ ಗುಂಡಿ ಒತ್ತಿದರೆ ಹಳೆಯ ಅನಲಾಗಿಗೆ ಮರಳುವಂತೆ
ಹುಡುಗಿ ಮಾಡಿಕೊಟ್ಟಿದ್ದಾಳೆ. ನಾಲ್ಕರಲ್ಲೂ ಅದಿರಲಿ.

ನಿನ್ನೆ ರಾತ್ರಿ ಒಂಬತ್ತಕ್ಕೆ ಆ ಗುಂಡಿ ಒತ್ತಿದೆ.
ಇನಾಸನಿಗೆ ಹೇಳುವುದೇನೂ ಉಳಿದಿರಲಿಲ್ಲ;
ಸುಮ್ಮನೆ ಕೀ ಒತ್ತಿ ಹಿಡಿದ, ಒಂದು ನಿಮಿಷ,
ಭರತದ ಕಡಲಿನ ಕಡೆಗೆ.
ಅದು ಲೆಕ್ಕಕ್ಕಿಲ್ಲ.
ಲೆಕ್ಕಕ್ಕೆ ಬರುವುದು: ಸೊಂಟದ ಕ್ಲಿಪ್ಪಿನ ಸ್ಕ್ರೂ ಒಂದು
ಗಡದ ಹುಲ್ಲಿನಲ್ಲೆಲ್ಲೋ ಬಿದ್ದುಹೋಗಿದೆ.
ಅದರ ದುಡ್ಡು ನಾನೇ ಕೊಡುತ್ತೇನೆ.