ಬೆಂಗಾವಲು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಆಲೂಗಡ್ಡೆ ಮಂಡಿಯ ಮೇಲ್ಮಹಡಿಯಲ್ಲಿ
ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು.
ಚೌರಪ್ಪನವರು ಮೆಟ್ಟಿಲನ್ನು ಏಣಿಯಂತೆ ಹತ್ತಿ ಬಂದರು,
ಎರಡು ಕೈಯಲ್ಲೂ ಕಂಬಿ ಹಿಡಿದು.
"ಒಂದು ಸರ್ವಿಸ್ ಚರಿತ್ರೆ ಹೊಡೀಬೇಕಮ್ಮ.
ನನ್ನದಲ್ಲ. ಹಡಗಿಂದು."

ಪುಟಕ್ಕೆ ಎರಡು ರೂಪಾಯಿ, ಕಾರ್ಬನ್ನಿಗೆ ನಾಲ್ಕಾಣೆ ಬೇರೆ, ಅಂದೆ.
ಮತ್ತೆ ಈ ಮೆಷಿನ್ನಿನಲ್ಲಿ ಳಕಾರ ಮುರಿದಿದೆ,
ಳ ಬಂದಲ್ಲೆಲ್ಲ ಜಾಗ ಬಿಡುತ್ತೇನೆ,
ಆಮೇಲೆ ನೀವೇ ಪೆನ್ನಿನಲ್ಲಿ ತುಂಬಿಕೊಳ್ಳಿ.

ಹೆಸರು: ಯಗಚಿ.
ಕೈ ನಿಂತಿತು. ನಮ್ಮ ಬೇಲೂರಿನ ಯಗಚಿಯೇ?
ಅದೇ. ಬೇಸಿಗೆಯಲ್ಲಿ ಪಂಚೆ ಎತ್ತಿಕಟ್ಟಿ ದಾಟುವ ಹೊಳೆ.
ದೆಹಲಿಯಲ್ಲಿ ಯಾರೋ ನಕಾಶೆ ನೋಡಿ ಇಟ್ಟದ್ದು.
ಪಂಜಾಬಿ ಹುಡುಗರ ಬಾಯಲ್ಲಿ ಯಾಗಾಚಿ, ಕೊಚ್ಚಿಯವರಿಗೆ ಎಗಚ್ಚಿ,
ಕ್ಯಾಪ್ಟನ್ನಿಗೆ ಬರೀ ವೈ.
"ನೂರಾ ಎಪ್ಪತ್ತು ಜನದಲ್ಲಿ
ಅದು ನೀರು ಅಂತ ಗೊತ್ತಿದ್ದೋನು ನಾನೊಬ್ಬ."

ದರ್ಜೆ, ಬೆಂಗಾವಲು ನೌಕೆ. ತೂಕ ಸಾವಿರದ ಇನ್ನೂರು ಟನ್ನು.
ಬಾಯ್ಲರ್ ಎರಡು, ಫಿರಂಗಿ ಮೂರು,
ಐವತ್ತೇಳರಲ್ಲಿ ನೀರಿಗಿಳಿಸಿದ್ದು
ಹಿಮ ಬೀಳುವ ಯಾವುದೋ ಪರದೇಶದ ಬಂದರಿನಲ್ಲಿ.
ಎಪ್ಪತ್ತೊಂದರ ಡಿಸೆಂಬರು: ಎಣ್ಣೆ ಹಡಗೊಂದರ ಪಕ್ಕ
ಹನ್ನೊಂದು ರಾತ್ರಿ. ಎಣ್ಣೆ ಹಡಗು ಕ್ಷೇಮವಾಗಿ ತಲುಪಿತು.

ಅಷ್ಟೇನಾ?

ಅಷ್ಟೇ ಕಣಮ್ಮ. ಬೆಂಗಾವಲು ಸರಿಯಾಗಿ ಆದರೆ
ಬರೆಯೋಕೆ ಏನೂ ಉಳಿಯೋದಿಲ್ಲ.
ಬೆನ್ನು ಕಾಯೋನ ಮುಖ ಯಾರು ನೋಡ್ತಾರೆ.

ಒಂದು ರಾತ್ರಿ ಮಾತ್ರ ಕೆಳಗೆ ಏನೋ ಸದ್ದು,
ಜಲಾಂತರ್ಗಾಮಿಯೆಂದು ಆರು ಸಿಡಿಪೀಪಾಯಿ ಉರುಳಿಸಿದರು.
ಬೆಳಗ್ಗೆ ತೇಲಿದ್ದು ಬಂಗುಡೆ,
ಹಡಗಿನ ಸುತ್ತ ಬೆಳ್ಳಿ ಚೆಲ್ಲಿದ ಹಾಗೆ.
ಮೂರು ದಿನ ಅಡುಗೆಮನೆಯಲ್ಲಿ ಬೇರೆ ಸಾರಿಲ್ಲ.
ಹಾಗೇ ಹೊಡೆಯಲೇ?
"ಬೇಡ. ಶಂಕಿತ ಶತ್ರು ಅಂತ ಹಾಕು."

ಇನ್ನೊಮ್ಮೆ ವಿಶಾಖಪಟ್ಟಣದಲ್ಲಿ ಹತ್ತಿಸಿದ ಆಲೂಗಡ್ಡೆ ಚೀಲಕ್ಕೆ
ಹಾಸನದ ಮಂಡಿಯ ಮುದ್ರೆ ಇತ್ತಂತೆ.
ಸ್ಟೋಕರ್ ಒಬ್ಬ ಬಾಯ್ಲರ್ ಬಿಟ್ಟು ಮೇಲೆ ಬಂದು
ಚೀಲದ ಕೆಮ್ಮಣ್ಣು ಮೂಸುತ್ತಾ ನಿಂತಿದ್ದನಂತೆ.
ಯಾರು ಆ ಸ್ಟೋಕರು?
"ಚರಿತ್ರೇಲಿ ಅದೆಲ್ಲ ಬರೋದಿಲ್ಲ, ಮುಂದೆ ಹೋಗು."

ಎಪ್ಪತ್ತೆಂಟು, ಮಾರ್ಚ್ ಒಂಬತ್ತು. ಹಬೆಯ ಕೊಳವೆ ಒಡೆಯಿತು.
ಇಬ್ಬರ ಹೆಸರು ಒಂದೊಂದೇ ಅಕ್ಷರವಾಗಿ ಹೇಳಿದರು,
ಬಿಸಿ ಲೋಟ ಕೈಗಿಡುವ ಹಾಗೆ.
ತಪನ್ ಸಾಹು. ಮೀರಾನ್ ಕುಟ್ಟಿ.
ಸಾಹು ಆದ ಮೇಲೆ ಪೂರ್ಣವಿರಾಮ ಬೇಕೆಂದರು, ಅಲ್ಪವಿರಾಮ ಸಾಲದು.
ಆಗ ಅವರ ಬಲ ಮುಂಗೈ ಕಂಡಿತು,
ಮೊಣಕೈವರೆಗೆ ನುಣ್ಣಗೆ, ಒಂದು ರೋಮವಿಲ್ಲ.
ನಾನು ರಿಬ್ಬನ್ ತಿರುಗಿಸುವಂತೆ ತಲೆ ತಗ್ಗಿಸಿದೆ.

ಎಂಬತ್ತಾರರಲ್ಲಿ ಸೇವೆಯಿಂದ ಇಳಿಸಿದರು.
ಹರಾಜಿನ ಮಾತು ಬೇಡವೆಂದರು,
ಕಿಲೋ ಲೆಕ್ಕದ ಮಾತೂ ಬೇಡ.
ಕೊನೆಯ ಸಾಲು:
ಇಪ್ಪತ್ತೊಂಬತ್ತು ವರ್ಷ, ಒಮ್ಮೆಯೂ ಮುಳುಗಿಲ್ಲ.
ಮು ಹೊಡೆದೆ, ಜಾಗ ಬಿಟ್ಟೆ, ಗಿಲ್ಲ ಹೊಡೆದೆ.

ಮೂರು ಪ್ರತಿ. ಒಂದು ಒರಿಸ್ಸಾಕ್ಕೆ, ಒಂದು ಕೇರಳಕ್ಕೆ.
ಅವರ ಮನೆಯವರಿಗೆ ಕನ್ನಡ ಬರುತ್ತದೆಯೇ?
ಇಲ್ಲ. ಹೆಸರು ಎಲ್ಲಿದೆ ಅಂತ ಕೆಂಪು ಗೆರೆ ಎಳೀತೀನಿ.

ಕಿಟಕಿಯ ಬಳಿ ಕೂತು ಆ ಎರಡು ಪ್ರತಿಗೂ ಳ ಬರೆದರು
ಗಂಟೆಯ ಹೊತ್ತು,
ತಗಡಿಗೆ ರಿವೆಟ್ಟು ಕೂರಿಸುವಂತೆ, ಒಂದೊಂದನ್ನೂ ಒತ್ತಿ.
ಕೆಳಗೆ ಲಾರಿಗೆ ಚೀಲ ತುಂಬುತ್ತಿದ್ದರು.

ತಮ್ಮದನ್ನು ಮೇಜಿನ ಮೇಲೇ ಬಿಟ್ಟು ಇಳಿದರು,
ಮರೆತೋ ಏನೋ.
ಡ್ರಾಯರಿನಲ್ಲಿ ಇನ್ನೂ ಇದೆ, ನಾನು ತುಂಬಲು ಹೋಗಿಲ್ಲ.
ಹೊಳೆ ಬಂದಾಗ, ಕೊಳವೆ ಬಂದಾಗ
ಓದುವ ಕಣ್ಣು ಒಂದು ಕ್ಷಣ ಬಿಟ್ಟ ಜಾಗಕ್ಕೆ ಜಾರಿ,
ಓಲಾಡಿ,
ಮತ್ತೆ ನೇರವಾಗುತ್ತದೆ.