ಮಾಂದಲ್‌ಪಟ್ಟಿಯಲ್ಲಿ ಕಂಡದ್ದು

ನಾಲ್ಕು ವರ್ಷ ಚೀಟಿ ಕಟ್ಟಿದ ದುಡ್ಡು ಅದು,
ವಾರಕ್ಕೆ ಐವತ್ತರಂತೆ, ಹೊಲಿಗೆ ಮಷೀನಿನ ಡ್ರಾಯರಿನಲ್ಲಿ
ಗುಂಡಿ ಡಬ್ಬಿಯ ಅಡಿಗೆ.
ರಾಣೆಬೆನ್ನೂರಿಂದ ನಾವು ನಾಲ್ವರು ಹೆಂಗಸರು
ನಾಲ್ಕು ಸ್ವೆಟರು, ಒಂದು ಡಬ್ಬಿ ಶೇಂಗಾ ಚಟ್ನಿ,
ಮೂವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು
ರಾತ್ರಿ ಬಸ್ಸಿಗೆ ಕೂತು
ಮಡಿಕೇರಿಯಲ್ಲಿ ಇಳಿದಾಗ
ಮೆಹರುನ್ನೀಸಾ ಮೊದಲು ಕೇಳಿದ್ದು:
"ಇಲ್ಲಿ ಬೆಳಗ ಯಾವಾಗ ಆಗ್ತೈತಿ?"

ಆಗಿತ್ತು. ಏಳೂವರೆ.

ಜೀಪಿನ ಪೂವಯ್ಯ ಎರಡೇ ಮಾತು ಆಡಿದ:
ಬಾಡಿಗೆ ಇಷ್ಟು. ಗಟ್ಟಿಯಾಗಿ ಹಿಡಿದುಕೊಳ್ಳಿ.
ಆಮೇಲೆ ರಸ್ತೆ ಮುಗಿದು ಕಲ್ಲು ಶುರುವಾಯಿತು.
ದಾಕ್ಷಾಯಣಿಯ ಹಲ್ಲುಸೆಟ್ಟು ಅವಳ ಮುಷ್ಟಿಯಲ್ಲಿ,
ಸಾವಂತ್ರವ್ವ ನನ್ನ ತೊಡೆಯ ಮೇಲೆ,
ಅವಳ ಚೀಲದ ರೊಟ್ಟಿ ಒಂದೊಂದೇ ನುಚ್ಚಾಗುವ ಸದ್ದು
ಎಂಜಿನ್ನನ್ನೂ ಮೀರಿ ಕೇಳುತ್ತಿತ್ತು.

ಮೇಲೆ ಇಳಿದರೆ, ಬಿಳಿ.
ಅಸ್ತರಿನ ಬಟ್ಟೆ, ಮೀಟರಿಗೆ ಮೂವತ್ತರದ್ದು,
ಥಾನುಗಟ್ಟಲೆ ಬಿಚ್ಚಿ ಹಾಸಿ
ಮೇಲಿನ ಬಟ್ಟೆ ತರಲು ಯಾರೋ ಮರೆತಂತೆ.
ನನ್ನ ಕೈ ನನಗೆ ಕಾಣುತ್ತಿತ್ತು, ಕೈಯಾಚೆ
ಮೆಹರುನ್ನೀಸಾಳ ಕೆಂಪು ಸ್ವೆಟರು.
ಅದರಾಚೆ ಲೋಕವನ್ನು ಇನ್ನೂ ಕತ್ತರಿಸಿರಲಿಲ್ಲ.

"ಏನೂ ಕಾಣವಲ್ದಲ್ಲೋ ತಮ್ಮಾ."
"ಉಂಟು ಅಕ್ಕ," ಅಂದ ಪೂವಯ್ಯ, "ಅಲ್ಲೇ ಉಂಟು.
ನನ್ನ ಬೆರಳಿನ ನೇರಕ್ಕೆ ನೋಡಿ,
ಅದು ಪುಷ್ಪಗಿರಿ. ನೆತ್ತಿ ಸ್ವಲ್ಪ ಕೊಂಕು,
ಮಲಗಿದ ಎತ್ತಿನ ಹೆಗಲಿನ ಹಾಗೆ.
ಪಕ್ಕದ ಸಣ್ಣದಕ್ಕೆ ಹೆಸರಿಲ್ಲ, ನಾವು ಡ್ರೈವರುಗಳು
ಮೊಮ್ಮಗ ಅಂತೇವೆ. ಈ ಕಡೆ ಕೋಟೆಬೆಟ್ಟ.
ಕೆಳಗೆಲ್ಲ ಹುಲ್ಲು, ಈಗ ಹಸಿರು,
ಸಂಕ್ರಾಂತಿ ಹೊತ್ತಿಗೆ ಜಿಂಕೆ ಬಣ್ಣ.
ಹುಲ್ಲಿನ ಮಧ್ಯೆ ಮಧ್ಯೆ ಕಪ್ಪಗೆ ಕಾಡು,
ಕಂಬಳಿಗೆ ತೇಪೆ ಹಾಕಿದ ಹಾಗೆ."

ತೇಪೆ ಅಂದನೋ ಇಲ್ಲವೋ, ನನಗೆ ಕಂಡಿತು.
ಹೊಲಿಗೆಯೂ ಕಂಡಿತು.

ಪಕ್ಕದ ಜೀಪಿನವರು ದುಡ್ಡು ವಾಪಸು ಕೇಳಿ
ಜಗಳ ತೆಗೆದಿದ್ದರು. ನಾವು ಕತ್ತು ತಿರುಗಿಸುತ್ತಿದ್ದೆವು,
ಅವನ ಬೆರಳು ಹೋದಲ್ಲೆಲ್ಲ.
ಅವನು ಬಿಳಿಯ ಮೇಲೆ ಬಿಳಿ ಸುಣ್ಣದ ಕಡ್ಡಿಯಲ್ಲಿ
ಗುರುತು ಹಾಕುತ್ತಲೇ ಇದ್ದ.

ಗೇಟಿನ ಹತ್ತಿರ ತಗಡಿನ ಅಂಗಡಿ, ಬೆಲ್ಲದ ಕಾಫಿ.
ದಾಕ್ಷಾಯಣಿಯ ಹಿಮ್ಮಡಿಗೆ ಇಂಬಳ.
"ಊರಾಗ ರಕ್ತಾ ತಗಿಯಾಕ ಮುನ್ನೂರು ರೂಪಾಯಿ,
ಇಲ್ಲಿ ನೋಡಿದ್ರ ಪುಕ್ಕಟೆ," ಎಂದು ಅವಳೇ ನಕ್ಕಳು,
ಹಲ್ಲುಸೆಟ್ಟು ಇನ್ನೂ ಮುಷ್ಟಿಯಲ್ಲೇ.
ರೊಟ್ಟಿಯ ನುಚ್ಚನ್ನು ಪೂವಯ್ಯನ ಬೊಗಸೆಗೂ ಸುರಿದೆವು.
ಚಟ್ನಿಗೆ ಕಣ್ಣಲ್ಲಿ ನೀರು ಬಂತು ಅವನಿಗೆ.
ಆಗ ಹೇಳಿದ: ಹೆಂಡತಿ ಒಮ್ಮೆಯೂ ಮೇಲೆ ಬಂದಿಲ್ಲ.
ಸೀಸನ್ನಿನಲ್ಲಿ ಸೀಟು ಖಾಲಿ ಇರುವುದಿಲ್ಲ,
ಮಳೆಗಾಲದಲ್ಲಿ ಜೀಪು ಬಿಡುವುದಿಲ್ಲ.
"ರಾತ್ರಿ ಅವಳಿಗೂ ಹೀಗೇ ಹೇಳುವುದು.
ಈಗ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.
ಕೋಟೆಬೆಟ್ಟ ಎಡಕ್ಕೆ ಹೇಳಿದರೆ ತಿದ್ದುತ್ತಾಳೆ."

ಮಿಕ್ಕದ್ದೂ ನೋಡಿದೆವು, ಇಲ್ಲವೆನ್ನಲಾರೆ.
ಅಬ್ಬಿಯ ಮೆಟ್ಟಿಲು ಇಳಿಯುವಾಗ ಎಣಿಸಿದ್ದೆ,
ಹತ್ತುವಾಗ ಎಣಿಸಲು ಉಸಿರಿರಲಿಲ್ಲ.
ದುಬಾರೆಯಲ್ಲಿ ಮೊಣಕಾಲುದ್ದ ಕಾವೇರಿಯಲ್ಲಿ ನಿಂತು
ಆನೆಯ ಬೆನ್ನು ತಿಕ್ಕಿದೆ. ಆ ಚರ್ಮಕ್ಕೆ
ನನ್ನ ಹದಿನೆಂಟನೇ ನಂಬರಿನ ಸೂಜಿಯೂ ಮುರಿದೀತು.
ಕಿತ್ತಳೆ ಇನ್ನೂ ಹುಳಿ.
ರಾಜಾಸೀಟಿನಲ್ಲಿ ಸೂರ್ಯ ನಿಜವಾಗಿಯೇ ಮುಳುಗಿದ,
ಎಲ್ಲರೂ ಫೋನು ಎತ್ತಿದರು.
ಮೆಹರುನ್ನೀಸಾ ಮಾತ್ರ ಬೆನ್ನು ತಿರುಗಿಸಿ
ಸೂರ್ಯನ ಬೆಳಕು ಬಿದ್ದ ಜನರ ಮುಖ ನೋಡುತ್ತಿದ್ದಳು.

ಊರಿಗೆ ಬಂದು ಹನ್ನೆರಡು ದಿನ.
ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ:
ಏನು ನೋಡಿದಿ ಕೊಡಗಿನ್ಯಾಗ?
ಫೋಟೋ ತೋರಿಸಿದರೆ ಬಿಳಿ, ಒಂದು ಕೆಂಪು ಸ್ವೆಟರು.
ಅದಕ್ಕೆ ಬಾಯಿಂದ ಟೇಪಿನ ತುದಿ ತೆಗೆದು
ಇಸ್ತ್ರಿಯ ಮೇಜಿನಾಚೆ ಸುಣ್ಣದ ಗೋಡೆಗೆ ಬೆರಳು ಮಾಡುತ್ತೇನೆ:
"ಅಕಾ ನೋಡವ್ವಾ, ಅದು ಪುಷ್ಪಗಿರಿ.
ನೆತ್ತಿ ಸ್ವಲ್ಪ ಕೊಂಕ ಐತಿ. ಮಗ್ಗಲದಾಗ ಮೊಮ್ಮಗ..."

ಆ ಹುಡುಗಿ ಪೂರ್ತಿ ತಿರುಗಿ ನೋಡುತ್ತಾಳೆ.

"ಅಳ್ಳಾಡಬ್ಯಾಡ. ಅಳತಿ ತಪ್ತೈತಿ."