ಇಪ್ಪತ್ತೈದಕ್ಕೆ ನಾಲ್ಕು

ಟಿಕೀಟು ಇಪ್ಪತ್ತು. ಅರವತ್ತು ದಾಟಿದವರಿಗೆ ಹತ್ತು.
ಆಧಾರ್ ತೋರಿಸಿ ಎಂದ ಹುಡುಗ
ನನ್ನ ಕೂದಲು ನೋಡಿ, ಬ್ಯಾಡ ಬಿಡ್ರಿ ಎಂದ.

ಹೀಗೆ ಒಳಗೆ ಬಂದೆ,
ರಾಯಚೂರಿನ ಮಂಗಳವಾರ ಪೇಟೆಯಲ್ಲಿ
ವಕೀಲ ವ್ಯಂಕೋಬರಾಯರ ಹೊಸ್ತಿಲನ್ನು
ಮೊದಲ ಸಲ ದಾಟಿ.

ಆಗೆಲ್ಲ ಕಟ್ಟೆಯ ಮೇಲೆ ಕೂತು ಕಾಯುವುದು.
ಅಪ್ಪ ಗೋಣಿತಟ್ಟಿನ ಗಂಟು ಇಳಿಸಿ
ಒಂದೊಂದೇ ಎತ್ತಿ ಕೊಡುತ್ತಿದ್ದ,
ಗುಮಾಸ್ತ ಎಣಿಸಿ ಎಣಿಸಿ ಒಯ್ಯುತ್ತಿದ್ದ.
ನಮಗೆ ಕಾಣುತ್ತಿದ್ದದ್ದು ಮೆಟ್ಟಿಲಷ್ಟೇ:
ಹನ್ನೊಂದು, ಆಮೇಲೆ ತಿರುವು, ಆಮೇಲೆ ಕತ್ತಲೆ.

ಆ ಕತ್ತಲೆಯಲ್ಲಿ ಇದ್ದದ್ದು ಇದು:
ತೇಗದ ಕಪಾಟು ಇಪ್ಪತ್ತೆರಡು,
ನಿಜಾಮನ ಕಾಲದ ಕಾಯಿದೆ, ಫಾರ್ಸಿ ನಿಘಂಟು,
ಕೈಬರಹದ ಜ್ಯೋತಿಷ, ಹಳೇ ರೈಲ್ವೆ ಟೈಮ್‌ಟೇಬಲ್ಲು ಕೂಡ.
ಏನನ್ನೂ ಎಸೆದವರಲ್ಲ ರಾಯರು.
ಅವರ ಕನ್ನಡಕ ಗಾಜಿನ ಪೆಟ್ಟಿಗೆಯೊಳಗೆ
ಮಖಮಲ್ಲು ಓದುತ್ತಿರುವಂತೆ ಬೋರಲು ಬಿದ್ದಿದೆ.

ಎಲ್ಲರೂ ಹೆಸರು ಓದುತ್ತಾರೆ.
ನಾನು ಬೆನ್ನು ನೋಡುತ್ತೇನೆ.
ಜೀನಗಾರರ ಮನೆಯಲ್ಲಿ ಹುಟ್ಟಿದವಳು,
ಪುಸ್ತಕ ಅಂದರೆ ನನಗೆ ಮೊದಲು ತೂಕ,
ಆಮೇಲೆ ವಾಸನೆ: ಹುಣಿಸೆಬೀಜದ ಅಂಟು,
ಹುಳ ಬೀಳದಂತೆ ಅದರಲ್ಲಿ ಚಿಟಿಕೆ ಮೈಲುತುತ್ತ
(ಬೆರಳು ಬಾಯಾಗ ಇಟ್ಟೀ ಜ್ವಾಕಿ, ಎನ್ನುವಳು ಅವ್ವ),
ಆಮೇಲೆ ದಬ್ಬಳ, ಮೇಣ ತಿಕ್ಕಿದ ದಾರ.
ಅಕ್ಷರ ಬಂದದ್ದು ಎಲ್ಲಕ್ಕೂ ಕೊನೆಗೆ.
ಬಂದದ್ದೂ ಸೊಟ್ಟ.

ಮೂರನೇ ಕಪಾಟು, ಕೆಳಗಿನಿಂದ ಎರಡನೇ ಸಾಲು.
ಕಂದು ತೊಗಲು, ಬೆನ್ನಿಗೆ ಐದು ಏಣು,
ತುದಿಗೆ ಹಸಿರು ರೇಷ್ಮೆಯ ಹೆಣಿಗೆ.
ಆ ಹಸಿರು ಅವ್ವನ ಇಲಕಲ್ ಸೀರೆಯ ದಡಿಯದು.
ಎಳೆ ಬಿಚ್ಚುವಾಗ ಕಂದೀಲು ಹಿಡಿದವಳು ನಾನು.

ಚೀಟಿ ಹೇಳುತ್ತದೆ: ಫಾರ್ಸಿ ನಿಘಂಟು, ಸಂಪುಟ ನಾಲ್ಕು,
ಮೂಲ ಹೊದಿಕೆ ಸಹಿತ.

ಮೂಲ!
ಬಂದ ನಗುವನ್ನು ಕೆಮ್ಮು ಮಾಡಿಕೊಂಡೆ.
ಗೆದ್ದಲು ತಿಂದ ಮೂಲವನ್ನು ಒಲೆಗೆ ಹಾಕಿ
ಸ್ನಾನಕ್ಕೆ ನೀರು ಕಾಸಿದ್ದೆವು. ತೊಗಲಿನ ನಾತಕ್ಕೆ
ಪಕ್ಕದ ಮನೆಯ ಖಾಸೀಂಬಿ ಜಗಳಕ್ಕೇ ಬಂದಿದ್ದಳು.

ಬೆನ್ನು ನೆಟ್ಟಗೆ ನಿಲ್ಲಬೇಕಾದರೆ ತೊಗಲಿನಡಿ
ರದ್ದಿ ಕಾಗದ ಅಂಟಿಸಬೇಕು, ನಾಲ್ಕೈದು ಪದರ.
ಕಿರಾಣಿ ಪಟ್ಟಿ, ಲಗ್ನಪತ್ರಿಕೆ, ಏನಾದರೂ ಆದೀತು.
ಆ ವಾರ ರದ್ದಿಯ ಗುಡ್ಡೆಯೊಳಗೆ
ನಾನೂ ಒಂದು ಹಾಳೆ ತೂರಿಸಿದ್ದೆ:
ಉಕ್ತಲೇಖನ, ಮೂರನೇ ಕ್ಲಾಸು,
ಇಪ್ಪತ್ತೈದಕ್ಕೆ ನಾಲ್ಕು.
ಕೆಳಗೆ ಶೇಷಮ್ಮ ಟೀಚರ ಕೈ:
ತಂದೆಯ ಸಹಿ ಮಾಡಿಸಿಕೊಂಡು ಬಾ.

ಅಪ್ಪನಿಗೆ ಓದು ಬಾರದು.
ಆದರೆ ಕೆಂಪು ಶಾಯಿ ಯಾರಿಗೆ ತಿಳಿಯದು?
ಹಾಳೆ ಎತ್ತಿದ. ಬೆಳಕಿಗೆ ಹಿಡಿದ.
ನನ್ನ ಕಡೆ ನೋಡಲಿಲ್ಲ.
ಅಂಚು ಕತ್ತರಿಸಿ, ಅಳತೆಗೆ ತಂದು,
ಅಂಟು ಬಳಿದು, ಬೆನ್ನಿಗೆ ಕೂರಿಸಿ
ಹೆಬ್ಬೆಟ್ಟನ್ನು ಮೇಲಿನಿಂದ ಕೆಳಗೆ
ಒತ್ತಿ ಎಳೆದ. ಒಂದೇ ಸಲ.

ಮರುದಿನ ಟೀಚರಿಗೆ ಏನು ಹೇಳಿದೆನೋ ಮರೆತಿದೆ.
ಏಟು ಮರೆತಿಲ್ಲ.

"ಮುಟ್ಟಬ್ಯಾಡ್ರಿ ಅಮ್ಮಾ!"
ನನ್ನ ಕೈ ಗಾಜಿನ ಮೇಲಿದೆ, ಗೊತ್ತೇ ಆಗಿಲ್ಲ.
"ಫಾರ್ಸಿ ಓದಾಕ ಬರ್ತದೇನ್ರಿ?"
"ಇಲ್ಲಪ್ಪ. ಅದರಾಗ ಚೂರು ಕನ್ನಡಾನೂ ಐತಿ."
ಬಗ್ಗಿ ಚೀಟಿ ಓದಿ, ತಲೆಯಾಡಿಸಿ,
"ಇಲ್ರೀ, ಬರೇ ಫಾರ್ಸಿ," ಎಂದ.

ಹೊರಡುವಾಗ ಅಭಿಪ್ರಾಯದ ಪುಸ್ತಕ ಚಾಚಿದ.
ತೆರೆದರೆ ಹೊಲಿಗೆಯೇ ಇಲ್ಲ, ಬರೀ ಗೋಂದು;
ಮೂರು ಹಾಳೆ ಕೈಗೇ ಬಂದವು,
'ಬಹಳ ಚೆನ್ನಾಗಿದೆ'ಗಳು, ಯಾರೋ ಬಿಡಿಸಿದ ನವಿಲು.
ಅವನ್ನು ಸಾಲಿಗೆ ಜೋಡಿಸಿ ಒತ್ತಿ ಇಟ್ಟೆ.
ಹೆಸರಿನ ಮನೆಯಲ್ಲಿ ಬರೆದೆ:
ತುಳಜಾಬಾಯಿ, ನರಸೋಜಿಯ ಮಗಳು.
ಒತ್ತಕ್ಷರ ಇಲ್ಲ, ತಪ್ಪುವ ಭಯವಿಲ್ಲ.

ಇಳಿಯುತ್ತ ಮೆಟ್ಟಿಲು ಎಣಿಸಿದೆ.
ತಿರುವಿನಿಂದ ನೆಲಕ್ಕೆ ಹನ್ನೆರಡು.
ಕಟ್ಟೆಯ ಮೇಲೆ ಕೂತು ನೋಡಿದರೂ ಅಷ್ಟೇ,
ಹನ್ನೆರಡು. ಇಷ್ಟು ವರ್ಷ
ಅದೂ ತಪ್ಪೇ.